ಮೀಟರ್ ಡಬ್ಬಿ ಮುಂದಿನ ದಾಸಾಳ

ಮನಿ ನಂಬರ್ ಬೇಕಾಗಿಲ್ಲ ನನಗ.
ಮಾಳಮಡ್ಡಿಯಿಂದ ಸಪ್ತಾಪುರದ ತನಕ
ತಿಂಗಳಿಗೊಮ್ಮೆ ಎಲ್ಲಾ ಗೇಟು ತಳ್ಳಾಂವ ನಾನು,
ಕೊರಳಾಗ ಬಿಲ್ಲಿನ ಮಷೀನು, ಬೆನ್ನಿಗೆ ಅಂಟಿದ ಅಂಗಿ.
ಕೆಂಪು ಕ್ರೋಟನ್ ಅಂದ್ರ ಕೋರ್ಟಿನ ಗುಮಾಸ್ತರು, ನಾಯಿ ಐತಿ.
ಗಿಡ್ಡ ಇಕ್ಸೋರಾದ ಸಾಲು ಅಂದ್ರ ಬ್ಯಾಂಕಿನವರು,
ಬಿಲ್ಲು ತಪ್ಪೈತಂತ ಜಗಳ.
ಬಾಗಲದಾಗ ಟೆಕೋಮಾದ ಹಳದಿ ಹಂಗ ಬಿದ್ದಿದ್ರ
ಪ್ರೊಫೆಸರು ಊರಾಗಿಲ್ಲ.

ಈ ಎರಡು ಮೂರು ವರ್ಷದಾಗ ಹೊಸ ಹೊಸ ತಳಿ ಬಂದಾವು.
ಮೊಣಕಾಲ ಮಟ್ಟಕ್ಕ ಬೆಳದು ಸಾಕಂತ ನಿಲ್ಲೂ ಬೋಗನ್‌ವಿಲ್ಲಾ,
ಕಾರು ನಿಲ್ಲಿಸಿ ಉಳಿದ ಎರಡು ಫೂಟಿಗಂತನ ಹುಟ್ಟಿಸಿದ್ದು.
ನರ್ಸರಿ ಮಕ್ತುಂಸಾಬ ಗಿರಾಕಿಗೆ ಹೇಳೂ ಮುಂದ
ವರ ತೋರಿಸಿದಂಗ ಹೇಳತಾನ:
ವರ್ಷಪೂರ್ತಿ ಹಸಿರು, ಕುಡಿಯೂದು ಕಡಿಮಿ,
ಹಿಂದಮುಂದ ಬೇರಿನ ಕಾಟಿಲ್ಲ.

ತ್ರಾಸು ನನಗ.
ಹೆಸ್ಕಾಂ ಡಬ್ಬಿ ಯಾರ ಕಣ್ಣಿಗೆ ಚಂದ?
ಮುಚ್ಚಲಿ ಅಂತ ಅದರ ಮುಂದ ಗಿಡ ಹಚ್ಚತಾರ.
ಎಲಿ ಸರಿಸಿ, ಜ್ಯಾಡರ ಬಲಿ ಒರಸಿ, ಟಾರ್ಚ್ ಹಿಡದು
ಓದತೇನಿ: ನಾಕು, ಒಂದು, ಒಂಬತ್ತು...
ಉಳಿದ ಅಂಕಿ ಒಂದು ಹೂವಿನ ಹಿಂದ ಇರತಾವು.

ಸಿಂಧೂಬಾಯಿ ತಡಕೋಡ ಅವರಲ್ಲಿ ಇರೂದು ದಾಸಾಳ,
ಆದ್ರ ನೋಡಿದ ಕೂಡ್ಲೇ ದಾಸಾಳ ಅನ್ನಾಕ ಬಾಯಿ ಬರೂದಿಲ್ಲ.
ಎಲಿ ಬಿಳಿ, ಅಂಚು ಗುಲಾಬಿ, ನಡುವ ಹಸಿರು ಚೂರು ಚೂರು,
ಸುಣ್ಣ ಹಚ್ಚಾಂವ ಬ್ರಷ್ ಝಾಡಿಸಿದಂಗ.
ಪುಣೆಯಿಂದ ತರಿಸಿದ್ದು. ಟೊಂಗಿಗೆ ಇನ್ನೂ ಚೀಟಿ ಐತಿ,
ದವಾಖಾನಿಯಾಗ ಕೂಸಿನ ಕೈಗೆ ಕಟ್ಟಿರತಾರಲ್ಲ, ಹಂಗ.

ಶ್ರಾವಣದಾಗೊಂದು ಮುಂಜಾನೆ
ಬಾಯಿಯವರು ಕತ್ತರಿ ಹಿಡಕೊಂಡು ಕುಂತಿದ್ರು.
ಬುಡದಿಂದ ಒಂದು ಟೊಂಗಿ ಎದ್ದಿತ್ತು, ಪೂರಾ ಹಸಿರು,
ಉಳಿದವಕ್ಕಿಂತ ಒಂದು ಗೇಣು ಎತ್ತರ.
"ಇದು ಹಳೇ ಬುದ್ಧಿ ನೋಡ್ರಿ," ಅಂದ್ರು,
"ಬಿಟ್ರ ಇಡೀ ಗಿಡಾನ ಹಸಿರಾಗಿಬಿಡ್ತದ.
ಕಂಡ ಕೂಡ್ಲೇ ಕತ್ತರಸ್ರಿ ಅಂತ ಬರದದ ಚೀಟಿ ಮ್ಯಾಲೆ."
ಚಕ್ಕಂತ ಕತ್ತರಿಸಿ ಕಂಪೌಂಡಿನ ಆಚೆ ಒಗದ್ರು.
ನಾನು ಬಿಲ್ಲು ಹರದು ಕೊಟ್ಟೆ. ಆರುನೂರಾ ಹದಿನೆಂಟು.

ಹೊರಗ ಗಟಾರದ ದಂಡಿಗೆ ಬಿದ್ದಿತ್ತದು.
ಕದ್ದೆ ಅನ್ನಾಕ ಬರೂದಿಲ್ಲ. ಎತ್ತಿಕೊಂಡೆ ಅಷ್ಟ.
ಚೀಲದಾಗ ಟೆಸ್ಟರಿನ ಜೋಡಿ ಸಂಜಿತನಕ
ಎಂಬತ್ತೊಂದು ಮನಿ ತಿರಗಿತು.

ನಮ್ಮ ಖೋಲಿ ಹೆಬ್ಬಳ್ಳಿ ಅಗಸಿಯಾಗ, ಮ್ಯಾಲಿನ ಮಾಳಗಿ.
ಅಂಗಳಿಲ್ಲ. ಮೀಟರೂ ನನ್ನ ಹೆಸರೀಲೆ ಇಲ್ಲ.
ಒಡದ ಎಣ್ಣಿ ಡಬ್ಬಿಯಾಗ ಮಣ್ಣು, ಗೌಳಿಗರ ಎಮ್ಮಿ ಗೊಬ್ಬರ,
ಗ್ಯಾಲರಿ ಮೂಲ್ಯಾಗ ಹಚ್ಚಿದೆ.
ಹದಿನೈದು ದಿನ ಸತ್ತಂಗ ನಿಂತಿತು.
"ಸಂತಿಯಾಗ ಇಪ್ಪತ್ತು ರೂಪಾಯಿಗೆ ಹೂವಿನ ಸಮೇತ ಸಿಗತೈತಿ,"
ಅಂದಳು ಶಿವಲೀಲಾ, ಒಣ ಹಾಕಿದ ಅರಬಿ ಮಡಚಕೋತ.
ಆದ್ರ ನೀರು ಹಾಕಾಕಿನೂ ಆಕೀನ.

ದೀಪಾವಳಿ ಮುಂದ ಮೊದಲನೇ ಹೂವು.
ಐದು ಎಸಳು, ಕೆಂಪು. ಹೊಸಾದೇನೂ ಇಲ್ಲ.
ಆಕಿ ಕಿತ್ತು ಗಣಪತಿ ಫೋಟೋಕ್ಕ ಏರಿಸಿದಳು.
ಮಾಳಮಡ್ಡಿಗೆ ಹೋದಾಗ ಬಾಯಿಯವರು ತಾವಾಗಿ ಅಂದ್ರು,
"ಎಲಿ ಛಂದ ಅದ ಖರೆ, ಹೂವಾ ಬಿಡವಲ್ದು ನೋಡ್ರಿ."
ನಾನು ಅಂಕಿ ಓದಿದೆ.

ಹೋದ ವಾರ ನಮ್ಮ ಗಿಡದಾಗ
ಒಂದು ಎಳೀ ಎಲಿ ಮ್ಯಾಲೆ ಬಿಳಿ ಚುಕ್ಕಿ ಕಂಡಿತು.
ಗ್ವಾಡಿ ಸುಣ್ಣ ಇರಬೇಕಂತ ಉಗುರಿಲೆ ಕೆರದೆ.
ಹೋಗಲಿಲ್ಲ.
"ರೋಗೇನು?" ಕೇಳಿದಳು ಶಿವಲೀಲಾ.
ಕತ್ತರಿ ನಮ್ಮ ಮನ್ಯಾಗೂ ಐತಿ,
ಹೊಲಿಗಿ ಡಬ್ಬಿಯಾಗ.
ಇರಲಿ ತಗೋ, ಅಂದೆ. ಚಂಬು ಕೊಡಿಲ್ಲೆ.